ಅಭಯದಾನಕ್ಕೂ ಒಂದು ವಂತಿಗೆ
ಹಾಸನ ಜಿಲ್ಲೆಯ ಮಲೆಸೀಮೆಯಲ್ಲಿ ಮಕ್ಕಳ ರಕ್ಷಣೆ ಮತ್ತು ಶ್ರಾವಕಧರ್ಮ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಜೈನ ಗೃಹಸ್ಥನ ನಿತ್ಯಕರ್ತವ್ಯಗಳೆಂದು ಪರಂಪರೆ ಹೇಳುತ್ತ ಬಂದಿದೆ. ಹೊಯ್ಸಳರ ಕಾಲದ ಶಾಸನಗಳು ದಂಡನಾಯಕರನ್ನೂ ರಾಣಿಯರನ್ನೂ ಹೊಗಳುವಾಗ ಈ ನಾಲ್ಕು ದಾನಗಳಲ್ಲಿ ಸಂತೋಷ ಕಾಣುವವರು ಎಂದೇ ಬಣ್ಣಿಸುತ್ತವೆ. ಇವುಗಳಲ್ಲಿ ಮೂರಕ್ಕೆ ನಾಡಿನಲ್ಲಿ ಎಂದೂ ಆಶ್ರಯ ತಪ್ಪಿಲ್ಲ. ಆಹಾರದಾನಕ್ಕೆ ದಾಸೋಹಗಳೂ ಭೋಜನಶಾಲೆಗಳೂ ಇವೆ. ಭೈಷಜ್ಯದಾನಕ್ಕೆ ಧರ್ಮಾರ್ಥ ಆಸ್ಪತ್ರೆಗಳಿವೆ. ಶ್ರವಣಬೆಳಗೊಳದಲ್ಲಿ ಮಕ್ಕಳಿಗಾಗಿಯೇ ಒಂದು ಆಸ್ಪತ್ರೆ ಇದೆ. ಶಾಸ್ತ್ರದಾನದ ಮಾತೆತ್ತಿದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯಿಂದ ಹಿಡಿದು, 1899ರಲ್ಲಿ ಆರಂಭವಾದ ದಕ್ಷಿಣ ಭಾರತ ಜೈನ ಸಭೆ ತೆರೆದ ವಿದ್ಯಾರ್ಥಿನಿಲಯಗಳವರೆಗೆ ಉದ್ದವಾದ ಪಟ್ಟಿಯೇ ಸಿಗುತ್ತದೆ. ಉಳಿದ ಒಂದು ದಾನ, ಅಭಯದಾನ, ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡು ಖಾತೆಯಲ್ಲಿ ಎಲ್ಲಕ್ಕಿಂತ ಕಡಿಮೆ ಜಮೆ ಪಡೆದ ದಾನವಾಗಿದೆ.

ಇದಕ್ಕೆ ಕಾರಣವಿಲ್ಲದಿಲ್ಲ. ಅನ್ನ ಕಣ್ಣಿಗೆ ಕಾಣುತ್ತದೆ. ಔಷಧ ಕೈಗೆ ಸಿಗುತ್ತದೆ. ಪುಸ್ತಕದ ಮೇಲೆ ದಾನಿಯ ಹೆಸರು ಅಚ್ಚಾಗುತ್ತದೆ. ಭಯವಿಲ್ಲದಿರುವುದಕ್ಕೆ ಮಾತ್ರ ರೂಪವಿಲ್ಲ. ಆದರೂ ಆಚಾರ್ಯರು ಈ ದಾನವನ್ನು ಅಸ್ಪಷ್ಟವಾಗಿ ಬಿಟ್ಟಿಲ್ಲ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತ್ಯಾಗವನ್ನು ಆಹಾರ, ಅಭಯ, ಜ್ಞಾನ ಎಂದು ಮೂರಾಗಿ ವಿಂಗಡಿಸುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನು, ಎಂದರೆ ನೆಲೆಯನ್ನು, ದಾನವಸ್ತುವೆಂದು ಎಣಿಸುತ್ತಾರೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ಕೊಡುಗೆಗಳನ್ನು ಹೇಳುವಾಗ, ಅನುಕಂಪದಿಂದ ಜೀವಿಗಳ ಭಯವನ್ನು ಕಳೆಯುವುದನ್ನೇ ದಯಾದತ್ತಿ ಎನ್ನುತ್ತಾರೆ. ಪಾತ್ರದತ್ತಿಯಲ್ಲಿ ಪಡೆಯುವವನ ಯೋಗ್ಯತೆಯ ವಿಚಾರವುಂಟು. ದಯಾದತ್ತಿಗೆ ಭಯಪಡುವ ಜೀವವೊಂದಿದ್ದರೆ ಸಾಕು. ಆ ಜೀವದ ಜಾತಿ, ಮತ, ಊರು ಯಾವುದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಭಯಪಡುವ ಜೀವಿಗಳಲ್ಲಿ ಅತ್ಯಂತ ನಿಸ್ಸಹಾಯಕವಾದುದು ಮಗು. ಓಡಿಹೋಗಲು ದಾರಿ ತಿಳಿಯದು, ದೂರು ಕೊಡಲು ಮಾತು ಬಾರದು, ಹೊಡೆಯುವ ಕೈಯೇ ಅನ್ನ ಹಾಕುವ ಕೈಯಾಗಿದ್ದರೆ ಆ ಕೈಯನ್ನು ಬಿಡಲೂ ಆಗದು. ಇಂದು ಸರ್ಕಾರಿ ಭಾಷೆಯಲ್ಲಿ ‘ಮಕ್ಕಳ ರಕ್ಷಣೆ’ ಎಂದು ಕರೆಯಲಾಗುವ ಕಾರ್ಯವು ಶ್ರಾವಕರ ಭಾಷೆಯಲ್ಲಿ ಅಭಯದಾನವಲ್ಲದೆ ಬೇರೆಯಲ್ಲ. ಈ ದಾನಕ್ಕೆ ಹಣ ಕೂಡಿದ ಬಗೆಯನ್ನೂ ಕೂಡದೆ ಹೋದ ಬಗೆಯನ್ನೂ ಹಾಸನ ಜಿಲ್ಲೆಯ ಇತಿಹಾಸದಲ್ಲಿ, ವಿಶೇಷವಾಗಿ ಸಕಲೇಶಪುರ, ಆಲೂರುಗಳ ಮಲೆಸೀಮೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊಸಳೆಯ ವರ್ತಕರು

ವರ್ತಕರು ಕೂಡಿ ಧರ್ಮಕಾರ್ಯಕ್ಕೆ ಹಣ ಒದಗಿಸುವುದು ಈ ಜಿಲ್ಲೆಗೆ ಹೊಸದಲ್ಲ. ಹಾಸನದ ದಕ್ಷಿಣಕ್ಕಿರುವ ಮೊಸಳೆ ಗ್ರಾಮವು ಜೋಡಿ ಹೊಯ್ಸಳ ದೇವಾಲಯಗಳಿಂದ ಇಂದು ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ವ್ಯಾಪಾರದ ಊರಾಗಿತ್ತು. ಅಲ್ಲಿಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಬೆಳಗೊಳದ ಗೊಮ್ಮಟಸ್ವಾಮಿಯ ಸುತ್ತಾಲಯದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಮೂರ್ತಿಗಳನ್ನು ಮಾಡಿಸಿದನು. ಆ ಮೂರ್ತಿಗಳ ಅಷ್ಟವಿಧಾರ್ಚನೆ ನಿಲ್ಲದೆ ನಡೆಯಲೆಂದು ಮೊಸಳೆಯ ವರ್ತಕರು ತಾವು ವರ್ಷಕ್ಕೆ ಇಂತಿಷ್ಟು ಕೊಡುವೆವೆಂದು ಒಪ್ಪಿಕೊಂಡು ಅದನ್ನು ಶಿಲಾಶಾಸನದಲ್ಲಿ ಬರೆಯಿಸಿದರು. ಗೊಮ್ಮಟನ ಪೂಜೆಯ ಹೂವಿಗೆಂದು ಬೆಳಗೊಳದ ವರ್ತಕರೂ ಇಂತಹುದೇ ವಾರ್ಷಿಕ ಕಟ್ಟುಪಾಡನ್ನು ಮಾಡಿಕೊಂಡರು. ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಇನ್ನೊಂದು ಕ್ರಮ ಕಾಣುತ್ತದೆ. ಭಕ್ತನೊಬ್ಬ ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಇಡುತ್ತಾನೆ. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಸ್ವಾಮಿಯ ಅಭಿಷೇಕಕ್ಕೆ ದಿನವೂ ಹಾಲು ಸಲ್ಲಬೇಕು.

ಈ ಶಾಸನಗಳನ್ನು ಭಕ್ತಿಯ ದಾಖಲೆಗಳೆಂದು ಓದುವುದು ವಾಡಿಕೆ. ಲೆಕ್ಕಪತ್ರದ ದೃಷ್ಟಿಯಿಂದ ಓದಿದರೂ ಇವು ಅಮೂಲ್ಯವಾಗಿವೆ. ಮೊಸಳೆಯವರು ಒಂದು ಸತ್ಯವನ್ನು ಅರಿತಿದ್ದರು. ಮೂರ್ತಿಯನ್ನು ಮಾಡಿಸಲು ಒಬ್ಬ ಸಿರಿವಂತನ ಒಂದು ದಿನದ ಔದಾರ್ಯ ಸಾಕು; ಪೂಜೆಯನ್ನು ನಡೆಸಲು ಹಲವರ ಪ್ರತಿವರ್ಷದ ಸಣ್ಣ ಸಣ್ಣ ವಂತಿಗೆಯೇ ಬೇಕು. ದಿನವೂ ನಡೆಯಬೇಕಾದ ಕಾರ್ಯವನ್ನು ಹಬ್ಬದ ದಿನದ ಉತ್ಸಾಹಕ್ಕೆ ಒಪ್ಪಿಸಬಾರದು. ಮಗುವಿನ ರಕ್ಷಣೆಯೂ ದಿನವೂ ನಡೆಯಬೇಕಾದ ಕಾರ್ಯ. ಆದರೆ ಆ ಕಾರ್ಯಕ್ಕೆ ಮೊಸಳೆಯ ಕ್ರಮ ಅನ್ವಯವಾಗದೆ ಹೋದುದು ಮುಂದಿನ ಇತಿಹಾಸದಿಂದ ತಿಳಿಯುತ್ತದೆ.

ಕಾಫಿಯ ಮಲೆ ಮತ್ತು ಮುಂಗಡದ ಹಣ

ಹೇಮಾವತಿಯ ದಡದ ಸಕಲೇಶಪುರವು ಸಕಲೇಶ್ವರನ ಹೆಸರಿನಿಂದ ಬಂದ ಊರು. ಸುತ್ತಣ ಸೀಮೆ ಬಹುಕಾಲ ಮಂಜರಾಬಾದ್ ತಾಲ್ಲೂಕು ಎನಿಸಿಕೊಂಡಿತ್ತು. 1840ರ ದಶಕದಿಂದ ಇಲ್ಲಿ ಐರೋಪ್ಯರ ಕಾಫಿ ತೋಟಗಳು ಎದ್ದವು. ನಾಡಿನ ಗೌಡರೂ ಕಾಫಿ ಹಾಕಿದರು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಆ ಕಾಲದ ತೋಟದ ಬದುಕನ್ನು ತೋಟಗಾರನ ಕಣ್ಣಿನಿಂದ ಪರಿಚಯಿಸುತ್ತವೆ. ಕಾಡಿನ ನಡುವಣ ತೋಟಗಳಿಗೆ ಆಳುಗಳು ಸ್ಥಳೀಯವಾಗಿ ಸಾಲದೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ಬಂದರು. ಮೇಸ್ತ್ರಿಯು ತೋಟದಿಂದ ಮುಂಗಡ ಹಣ ಪಡೆದು ಊರೂರಿನಲ್ಲಿ ಹಂಚಿ, ಕುಟುಂಬಗಳನ್ನು ಕರೆತರುತ್ತಿದ್ದನು. ಮುಂಗಡ ತೀರುವವರೆಗೆ ಕುಟುಂಬ ತೋಟ ಬಿಡುವಂತಿರಲಿಲ್ಲ. ಕುಟುಂಬ ಎಂಬ ಲೆಕ್ಕದಲ್ಲಿ ಮಕ್ಕಳೂ ಸೇರಿರುತ್ತಿದ್ದರು.

ತಂದೆತಾಯಿಗಳು ಹಣ ಪಡೆದು ಮಗುವಿನ ದುಡಿಮೆಯನ್ನು ಅಡವಿಡುವ ಪದ್ಧತಿ ದೇಶದಲ್ಲಿ ಎಷ್ಟು ಹರಡಿತ್ತೆಂದರೆ ಬ್ರಿಟಿಷ್ ಇಂಡಿಯಾದಲ್ಲಿ 1933ರಲ್ಲಿ ಅದರ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅಂತಹ ಕರಾರು ಅಸಿಂಧುವೆಂದು ಸಾರಿದ ಆ ಕಾಯಿದೆ ತಂದೆತಾಯಿಗೆ 50 ರೂಪಾಯಿ, ದುಡಿಸಿಕೊಂಡವನಿಗೆ 200 ರೂಪಾಯಿವರೆಗೆ ದಂಡ ವಿಧಿಸಿತು. ಹಾಸನ ಜಿಲ್ಲೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮೈಸೂರು ಈ ವಿಷಯಗಳಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. ಎಂಟು ವರ್ಷ ತುಂಬದ ಹೆಣ್ಣುಮಗುವಿನ ವಿವಾಹವನ್ನು ಅದು 1894ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿತ್ತು. ಆದರೆ ಮಲೆಯ ಒಳಗಿನ ಕೂಲಿ ಲೈನಿನವರೆಗೆ ಕಾಯಿದೆಯ ಕೈ ಚಾಚುವುದು ಸುಲಭವಾಗಿರಲಿಲ್ಲ.

ಕಾಫಿಯ ಕಾಲಮಾನವೂ ಮಕ್ಕಳಿಗೆ ಪ್ರತಿಕೂಲವಾಗಿದೆ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೂ ರೊಬಸ್ಟಾ ಜನವರಿಯಿಂದ ಮಾರ್ಚಿಯವರೆಗೂ ಕೊಯ್ಲಿಗೆ ಬರುತ್ತವೆ; ಬೆನ್ನಿಗೇ ಮೆಣಸು. ಶಾಲೆಯ ವರ್ಷದ ಉತ್ತರಾರ್ಧವೆಲ್ಲ ಇದರಲ್ಲಿ ಮುಳುಗುತ್ತದೆ. ಕೊಯ್ಲಿನ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವಾಗ, ತಾಯಿಯ ಚೀಲಕ್ಕೆ ಮಗುವಿನ ಎರಡು ಕೈಗಳೂ ಹಣ್ಣು ತುಂಬುತ್ತವೆ. ತೂಕದ ಚೀಟಿಯಲ್ಲಿ ತಾಯಿಯ ಹೆಸರೊಂದೇ ಇರುತ್ತದೆ. ಆ ಮಗುವನ್ನು ಯಾರೂ ನೇಮಿಸಿಕೊಂಡಿಲ್ಲ, ಯಾರೂ ಕೂಲಿ ಕೊಟ್ಟಿಲ್ಲ. ಆದುದರಿಂದ ದಾಖಲೆಯಲ್ಲಿ ಆ ಮಗು ದುಡಿದೇ ಇಲ್ಲ.

ಬರಗಾಲದ ನಿಧಿ ಕಲಿಸಿದ ಪಾಠ

ಮಕ್ಕಳ ರಕ್ಷಣೆಗೆಂದು ದೊಡ್ಡ ಪ್ರಮಾಣದಲ್ಲಿ ಹಣ ಕೂಡಿದ ಮೊದಲ ಪ್ರಸಂಗಗಳಲ್ಲೊಂದು 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತೆಂಬುದೇ ಆ ಕ್ಷಾಮದ ಕ್ರೌರ್ಯವನ್ನು ಹೇಳುತ್ತದೆ. 1877ರ ಆಗಸ್ಟ್ ತಿಂಗಳಲ್ಲಿ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕರು ಮಾಡಿದ ಮನವಿಗೆ ಓಗೊಟ್ಟು ಲಂಡನ್ನಿನ ಮೇಯರ್ ಮ್ಯಾನ್ಷನ್ ಹೌಸಿನಲ್ಲಿ ನಿಧಿಯೊಂದನ್ನು ತೆರೆದರು. ಕೆಲವೇ ವಾರಗಳಲ್ಲಿ ಅಪಾರ ಹಣ ಸೇರಿತು. ನಿರ್ಗತಿಕ ಮಕ್ಕಳನ್ನು ಅನಾಥಾಲಯಗಳಲ್ಲಿ ಪೋಷಿಸುವುದು ಆ ನಿಧಿಯ ಉದ್ದೇಶಗಳಲ್ಲಿ ಒಂದಾಗಿತ್ತು. ಕ್ಷಾಮದಲ್ಲಿ ತಬ್ಬಲಿಗಳಾದ ಬಾಲಕಿಯರಿಗಾಗಿ ವೆಸ್ಲಿಯನ್ ಮಿಷನ್ನಿನವರು ಹಾಸನದಲ್ಲಿಯೂ ಬಾಲಕರಿಗಾಗಿ ತುಮಕೂರಿನಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಜಿಲ್ಲೆಯಲ್ಲಿ ಹೊರಗಿನವರ ಚಂದಾಹಣದಿಂದ ಮಕ್ಕಳನ್ನು ಸಲಹಿದ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು. ಅನ್ಯಮತದವರ ಕಾರ್ಯವೆಂದು ಇದನ್ನು ಮರೆಯುವುದು ಇತಿಹಾಸಕ್ಕೂ ಅನೇಕಾಂತದೃಷ್ಟಿಗೂ ಒಪ್ಪುವ ಮಾತಲ್ಲ.

ಆಗಸ್ಟಿನಲ್ಲಿ ತೆರೆದ ನಿಧಿ ನವೆಂಬರಿನಲ್ಲಿ ಮುಚ್ಚಿತು. ಮಳೆ ಬಂದಿತ್ತು, ಬೆಲೆ ಇಳಿಯುವ ಲಕ್ಷಣವಿತ್ತು, ಮನವಿಯ ಕಾರಣ ತೀರಿತ್ತು. ಆದರೆ ಐದು ವರ್ಷಕ್ಕೆ ತಬ್ಬಲಿಯಾದ ಹುಡುಗಿಗೆ ಮಳೆ ಬಂದ ಮಾತ್ರಕ್ಕೆ ತಾಯಿ ಮರಳುವುದಿಲ್ಲ. ಅವಳಿಗೆ ಇನ್ನು ಹತ್ತು ಹನ್ನೆರಡು ವರ್ಷ ಅನ್ನ, ವಸ್ತ್ರ, ನೆಲೆ, ಕಾವಲು ಬೇಕು. ಕೊಡುವವರ ಕರುಣೆಯ ಅವಧಿ ಮೂರು ತಿಂಗಳು. ಮಗುವಿನ ಅಗತ್ಯದ ಅವಧಿ ಹನ್ನೆರಡು ವರ್ಷ. ಈ ಎರಡರ ನಡುವಣ ಅಂತರವೇ ಮಕ್ಕಳ ರಕ್ಷಣೆಯ ಹಣಕಾಸಿನ ಮೂಲಸಮಸ್ಯೆ. 2021ರಲ್ಲಿ ಕೋವಿಡ್ಡಿನಿಂದ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳ ವಿಷಯದಲ್ಲಿಯೂ ನಾಡು ಇದನ್ನೇ ಎದುರಿಸಿತು. ಮರುಗಿ ಕೊಟ್ಟವರು ಅಸಂಖ್ಯಾತರು. ಆದರೆ ಮಗು ಬೆಳೆಯುವವರೆಗೆ ತಿಂಗಳು ತಿಂಗಳೂ ನಡೆಯುವ ನೆರವಿನ ಹೊಣೆಯನ್ನು ಕೇಂದ್ರ ಸರ್ಕಾರದ ಯೋಜನೆಯೂ, ತಿಂಗಳಿಗೆ 3,500 ರೂಪಾಯಿ ನೀಡುವ ರಾಜ್ಯದ ಬಾಲಸೇವಾ ಯೋಜನೆಯೂ ಹೊರಬೇಕಾಯಿತು.

ಪಾಂಜರಾಪೋಳದಿಂದ ಮಗುವಿನೆಡೆಗೆ

ಹೊರನಾಡಿನ ಇತಿಹಾಸದ ಒಂದು ಸಂಗತಿ ಜೈನ ಓದುಗರಿಗೆ ವಿಶೇಷವಾಗಿ ಮನನೀಯ. 1874ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಾಕಿದವರಿಂದಲೇ ಹಿಂಸೆಗೊಳಗಾದ ಬಾಲಕಿಯೊಬ್ಬಳನ್ನು ಬಿಡಿಸಲು ಯಾವ ಸಂಸ್ಥೆಯೂ ಮುಂದೆ ಬಾರದಿದ್ದಾಗ, ಅವಳ ಪರವಾಗಿ ನಿಂತವರು ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್. ಮರುವರ್ಷ ಮಕ್ಕಳಿಗೆ ನಡೆಯುವ ಕ್ರೌರ್ಯವನ್ನು ತಡೆಯುವ ಸಂಘ ಅಲ್ಲಿ ಹುಟ್ಟಿತು. ಅದನ್ನು ನೋಡಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1883ರಲ್ಲಿಯೂ ಲಂಡನ್ನಿನಲ್ಲಿ 1884ರಲ್ಲಿಯೂ ಅಂತಹುದೇ ಸಂಘಗಳು ಆರಂಭವಾದವು. 1889ರಲ್ಲಿ ಲಂಡನ್ನಿನ ಸಂಘ ರಾಷ್ಟ್ರೀಯ ಸಂಘವಾಗಿ ಬೆಳೆಯಿತು. ಅದೇ ವರ್ಷ ಮಕ್ಕಳ ಮೇಲಿನ ಕ್ರೌರ್ಯದ ವಿರುದ್ಧ ಆ ದೇಶದಲ್ಲಿ ಕಾಯಿದೆಯಾಯಿತು. ಆ ಸಂಘ ಸರ್ಕಾರದ ಬೊಕ್ಕಸದಿಂದ ನಡೆದದ್ದಲ್ಲ. ಊರೂರಿನ ಶಾಖೆಗಳು ಕೂಡಿಸಿದ ಚಂದಾಹಣದಿಂದ ತನ್ನದೇ ತನಿಖಾಧಿಕಾರಿಗಳನ್ನು ನೇಮಿಸಿ ಮನೆಮನೆಗೆ ಕಳುಹಿಸಿತು.

ಪ್ರಾಣಿದಯೆಯಿಂದ ಶಿಶುದಯೆಗೆ ಬಂದ ಈ ಹೆಜ್ಜೆ ಜೈನ ಸಮಾಜಕ್ಕೆ ಕಠಿಣವಾಗಬಾರದು. ಕಸಾಯಿಖಾನೆಗೆ ಸಾಗುವ ದನವನ್ನು ಬಿಡಿಸಿ ತರಲು, ಮುಪ್ಪಿನ ಎತ್ತಿಗೆ ಮೇವು ಹಾಕಲು, ರೆಕ್ಕೆ ಮುರಿದ ಹಕ್ಕಿಗೆ ಔಷಧ ಹಚ್ಚಲು ಶತಮಾನಗಳಿಂದ ಪಾಂಜರಾಪೋಳಗಳನ್ನು ನಡೆಸಿದವರು ಜೈನ ವರ್ತಕರು. ಆ ಸಂಸ್ಥೆಗಳ ಯಶಸ್ಸಿಗೆ ಹಲವೆಡೆ ಪೇಟೆಯ ಮೇಲೆ ವರ್ತಕರು ತಾವೇ ಹಾಕಿಕೊಂಡ ಸಣ್ಣ ಲಾಗೆಯೇ ಆಧಾರ. ಮೂಕಪ್ರಾಣಿಯ ವಿಷಯದಲ್ಲಿ ಸಾಧ್ಯವಾದದ್ದು ಮಾತು ಬಂದೂ ಮೂಕವಾದ ಮಗುವಿನ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು? ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬ ಮಾತಲ್ಲ ಇದು. ಪಂಚೇಂದ್ರಿಯ ಜೀವಿಗಳ ಮೇಲಿನ ದಯೆಯನ್ನು ಮನುಷ್ಯಶಿಶುವಿನ ಹೊಸ್ತಿಲಲ್ಲಿ ನಿಲ್ಲಿಸಬಾರದೆಂಬ ಮಾತು.

ಕಾಯಿದೆ ಕಟ್ಟಿದ ಮನೆ, ದಾನ ತುಂಬಬೇಕಾದ ಬಿರುಕು

ಸ್ವಾತಂತ್ರ್ಯಾನಂತರ ಕಾಯಿದೆಗಳಿಗೆ ಕೊರತೆಯಾಗಲಿಲ್ಲ. ಸಂವಿಧಾನದ 24ನೆಯ ವಿಧಿ ಹದಿನಾಲ್ಕರೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಗಳಿಂದ ದೂರವಿಟ್ಟಿತು. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿಯನ್ನೂ, ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ವಿದ್ಯಾಭ್ಯಾಸದ ಅನುಕೂಲವನ್ನೂ ಬಯಸಿತು. ಆದರೆ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರೇ ಆದುದರಿಂದ ಅವರ ತೋಟದ ಮಕ್ಕಳು ಈ ಲೆಕ್ಕದ ಹೊರಗೇ ಉಳಿದರು. 1986ರ ಬಾಲಕಾರ್ಮಿಕ ಕಾಯಿದೆಯನ್ನು 2016ರಲ್ಲಿ ತಿದ್ದಿ, ಹದಿನಾಲ್ಕರೊಳಗಿನ ಮಗುವನ್ನು ಯಾವ ಉದ್ಯೋಗದಲ್ಲಿಯೂ ತೊಡಗಿಸಬಾರದೆಂದು ವಿಧಿಸಲಾಯಿತು. ಶಾಲೆಯ ವೇಳೆಯ ಹೊರಗೆ ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗಬಹುದೆಂಬ ವಿನಾಯಿತಿ ಅಲ್ಲಿದೆ. ಒಡೆಯನ ತೋಟದಲ್ಲಿ ತಾಯಿಯ ಚೀಲ ತುಂಬುವುದು ಸ್ವಂತ ಕುಟುಂಬದ ಉದ್ಯಮವಾಗುವುದಿಲ್ಲ. 2012ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆಯೂ 2015ರಲ್ಲಿ ಈಗಿನ ಬಾಲನ್ಯಾಯ ಕಾಯಿದೆಯೂ ಬಂದವು.

ಇವುಗಳ ಫಲವಾಗಿ ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬ ವ್ಯವಸ್ಥೆ ನಿಂತಿದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ದೂರವಾಣಿ ಸೇವೆ ದೇಶವ್ಯಾಪಿಯಾಗಿ ಹರಡಿತು. ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆದ ಆ ಸೇವೆ 2023ರಲ್ಲಿ ಸರ್ಕಾರಿ ಇಲಾಖೆಗಳ ಕೈಗೆ ಬಂದು 112ರ ತುರ್ತು ವ್ಯವಸ್ಥೆಯೊಂದಿಗೆ ಜೋಡಣೆಯಾಯಿತು. ತಂದೆಯನ್ನು ಕಳೆದುಕೊಂಡ ಅಥವಾ ತೀರ ಕಷ್ಟದಲ್ಲಿರುವ ಕುಟುಂಬದ ಮಗು ಮನೆಯಲ್ಲಿಯೇ ಬೆಳೆದು ಶಾಲೆಗೆ ಹೋಗಲೆಂದು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜನೆಯ ಅವಕಾಶವಿದೆ.

ಸರ್ಕಾರವೇ ಇಷ್ಟು ಮಾಡುವಾಗ ದಾನಕ್ಕೆ ಎಲ್ಲಿ ಸ್ಥಳ ಎಂದು ಕೇಳಬಹುದು. ಕಾಯಿದೆಯು ಮನೆಯ ಗೋಡೆಯನ್ನು ಕಟ್ಟುತ್ತದೆ. ಗೋಡೆಯ ಬಿರುಕುಗಳಲ್ಲಿ ಗಾಳಿ ನುಗ್ಗುವುದು ಅಲ್ಲಿ ಮಲಗುವವರಿಗೆ ಮಾತ್ರ ತಿಳಿಯುತ್ತದೆ. ಕಷ್ಟದಲ್ಲಿ ಸಿಕ್ಕ ಮಗುವನ್ನು ಪ್ರಯಾಣದ ವೇಳೆ ಕಳೆದು 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾಯಿದೆ ಹೇಳುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಹೆತ್ತೂರು, ಯಸಳೂರು, ಹಾನುಬಾಳುಗಳ ಒಳಗಿನ ತೋಟಗಳಿಂದ ಇನ್ನೂ ದೂರ. ಮುಂಗಾರಿನ ಆ ಮಳೆಯಲ್ಲಿ ರಾತ್ರಿ ಸಿಕ್ಕ ಮಗುವಿಗೆ ಬೆಚ್ಚನೆಯ ಬಟ್ಟೆ, ವಾಹನದ ಬಾಡಿಗೆ, ಜೊತೆಗೆ ಹೋಗುವ ಹೆಂಗಸಿನ ಒಂದು ದಿನದ ಕೂಲಿ ಬೇಕು. ಇತ್ತೀಚಿನ ದಶಕಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡಗಳಿಂದ ಬಂದ ಕುಟುಂಬಗಳ ಮಕ್ಕಳಾದರೆ ಅವರ ಮಾತನ್ನು ತಿಳಿಸಿಹೇಳುವ ದ್ವಿಭಾಷಿ ಬೇಕು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾದ ಹುಡುಗಿಗೆ ವರ್ಷಗಟ್ಟಲೆ ಧೈರ್ಯ ಹೇಳುವ ಒಬ್ಬ ಸಲಹೆಗಾರ್ತಿ ಬೇಕು. ಕೊಯ್ಲಿನ ನಾಲ್ಕು ತಿಂಗಳು ಲೈನಿನ ಮಕ್ಕಳನ್ನು ಹಗಲು ನೋಡಿಕೊಳ್ಳಲು ಒಬ್ಬ ಆಯಾ, ಒಂದು ಕೊಠಡಿ ಬೇಕು. ಮಂಜೂರಾದ ಸಹಾಯಧನ ಕೈಗೆ ಬರುವವರೆಗಿನ ದಿನಗಳಿಗೆ ಅಕ್ಕಿ ಬೇಕು. ಇವು ಯಾವುವೂ ದೊಡ್ಡ ಮೊತ್ತಗಳಲ್ಲ. ಆದರೆ ಬೇಕಾದ ಗಳಿಗೆಯಲ್ಲಿ ಇಲ್ಲದಿದ್ದರೆ ದೊಡ್ಡ ಕಾಯಿದೆಯೂ ವ್ಯರ್ಥವಾಗುತ್ತದೆ.

ವರ್ತಕರಿಗೆ ಪರಿಚಿತವಾದ ಲೆಕ್ಕದಲ್ಲಿಯೇ ಹೇಳುವುದಾದರೆ, ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000 ರೂಪಾಯಿ. ಶೇಕಡ 6ರ ಬಡ್ಡಿಯಲ್ಲಿ 8 ಲಕ್ಷ ರೂಪಾಯಿಗಳ ಇಡುಗಂಟು ಇದನ್ನು ಮೂಲಧನ ಕರಗದಂತೆ ಕೊಡುತ್ತದೆ. ಅಷ್ಟು ಇಡುಗಂಟು ಇಲ್ಲವೆಂದಾದರೆ ಪೇಟೆಯ 40 ಅಂಗಡಿಗಳು ತಿಂಗಳಿಗೆ ತಲಾ 100 ರೂಪಾಯಿ ಎತ್ತಿಟ್ಟರೂ ಅದೇ ಮೊತ್ತ. ಮೊದಲನೆಯದು ಅಭಿಷೇಕದ ಹಾಲಿಗೆ ಗದ್ಯಾಣ ಇಟ್ಟವರ ಕ್ರಮ, ಎರಡನೆಯದು ಮೊಸಳೆಯ ವರ್ತಕರ ಕ್ರಮ. ಎಂಟುನೂರು ವರ್ಷಗಳ ಹಿಂದೆ ಪರೀಕ್ಷಿಸಿ ಒಪ್ಪಿದ ಪದ್ಧತಿಗಳಿವು.

ಕೊಡುವ ಕೈ ಶುದ್ಧವಾಗಿರಬೇಕು

ದಾನದ ಹಿರಿಮೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳುತ್ತಾರೆ. ಮಕ್ಕಳ ರಕ್ಷಣೆಯ ವಿಷಯದಲ್ಲಿ ದಾತೃವಿನ ಮತ್ತು ದ್ರವ್ಯದ ಶುದ್ಧಿ ಬಹುಮುಖ್ಯ. ಅದೇ ಗ್ರಂಥ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಕ್ಕೆ ಘಾಸಿ ಮಾಡುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ವ್ಯಾಖ್ಯಾನಗಳಲ್ಲಿ ಇವನ್ನು ಹೆಚ್ಚಾಗಿ ಎತ್ತು, ಕುದುರೆಗಳ ಸಂದರ್ಭದಲ್ಲಿ ವಿವರಿಸುವುದುಂಟು. ಇದೇ ಪಟ್ಟಿಯನ್ನು ಮನೆಗೆಲಸದ ಹುಡುಗಿಯ ಮುಂದೆ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ಮುಂದೆ, ಮುಂಗಡದ ಹಣಕ್ಕೆ ಲೈನಿನಲ್ಲಿ ಉಳಿದ ಮಗುವಿನ ಮುಂದೆ ಇಟ್ಟು ಓದಿದರೆ, ಇಂದಿನ ಕಾಯಿದೆಗಳು ಹೇಳುವುದರಲ್ಲಿ ಬಹುಭಾಗವನ್ನು ಐದು ಪದಗಳಲ್ಲಿ ಆಗಲೇ ಹೇಳಿಯಾಗಿತ್ತೆಂದು ಮನವರಿಕೆಯಾಗುತ್ತದೆ. ಮುಂಗಡವೇ ಬಂಧ, ಹಣ್ಣಿನ ಮೂಟೆಯೇ ಅತಿಭಾರ.

ಗೃಹಸ್ಥನಿಗೆ ಉದ್ಯೋಗದಲ್ಲಿ ಅನಿವಾರ್ಯವಾದ ಹಿಂಸೆಯನ್ನು ಶಾಸ್ತ್ರ ಅರ್ಥಮಾಡಿಕೊಳ್ಳುತ್ತದೆ. ಆದರೆ ಮಗುವಿನ ದುಡಿಮೆ ಯಾವ ಉದ್ಯೋಗಕ್ಕೂ ಅನಿವಾರ್ಯವಲ್ಲ. ಅದು ಕೂಲಿಯ ಉಳಿತಾಯ ಮಾತ್ರ. ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳಿಂದ ಒಳಬರುತ್ತದೆಂಬುದನ್ನೂ ನೆನೆಯಬೇಕು. 1940ರ ದಶಕದಿಂದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿದ್ದಾಗ, ಯಾರ ತೋಟದ ಬೀಜ ಯಾರ ಚೀಲಕ್ಕೆ ಬಂದಿತೆಂದು ವ್ಯಾಪಾರಿಗೆ ತಿಳಿಯುವಂತಿರಲಿಲ್ಲ. 1996ರಲ್ಲಿ ಆ ಏರ್ಪಾಡು ಪೂರ್ಣವಾಗಿ ತೆರವಾದ ಮೇಲೆ ವರ್ತಕನೇ ತೋಟದ ಬಾಗಿಲಿಗೆ ಹೋಗಿ ಕೊಳ್ಳಬಲ್ಲನು. ಕಣವನ್ನು ಕಣ್ಣಾರೆ ಕಂಡು ತೇವಾಂಶವನ್ನು ಪರೀಕ್ಷಿಸಿ ದರ ಕಟ್ಟುವವನಿಗೆ, ಆ ಕಣದಲ್ಲಿ ಹಣ್ಣು ಹರಡುತ್ತಿರುವ ಕೈಗಳು ಎಷ್ಟು ಚಿಕ್ಕವೆಂದು ಕಾಣಲಿಲ್ಲವೆಂದರೆ ನಂಬುವುದು ಕಷ್ಟ. ಕಂಡೂ ದರ ಮಾತ್ರ ಮಾತಾಡಿದರೆ ಅದು ಅನುಮೋದನೆ. ಎಡಗೈಯಿಂದ ಆ ಲಾಭವನ್ನು ಪಡೆದು ಬಲಗೈಯಿಂದ ಅನಾಥಾಲಯಕ್ಕೆ ಚೆಕ್ ಬರೆದರೆ ಖಾತೆ ಸರಿಹೊಂದುವುದಿಲ್ಲ. ಮೊದಲ ಅಭಯದಾನ ಸ್ವಂತ ಅಂಗಡಿ, ಸ್ವಂತ ಅಡುಗೆಮನೆ, ಸ್ವಂತ ಖರೀದಿಯಿಂದ ಆರಂಭವಾಗಬೇಕು; ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹಣ ಕೂಡಿಸುವ ರೀತಿ

ಉಳಿದದ್ದು ವಿಧಿಯ ಮಾತು. ಮಕ್ಕಳ ಹೆಸರಿನಲ್ಲಿ ಹಣ ಕೂಡಿಸುವುದು ಸುಲಭ. ಅದರಿಂದಲೇ ಅದು ಅಪಾಯಕರ. ಅಳುವ ಮಗುವಿನ ಚಿತ್ರವನ್ನು ಮನವಿಪತ್ರದಲ್ಲಿ ಅಚ್ಚುಹಾಕಿದರೆ ಚಂದಾ ಹೆಚ್ಚು ಬರಬಹುದು. ಆದರೆ ರಕ್ಷಣೆ ಬಯಸುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು ಬಾಲನ್ಯಾಯ ಕಾಯಿದೆಯ 74ನೆಯ ಕಲಮು ನಿಷೇಧಿಸುತ್ತದೆ. ಸಮವಸ್ತ್ರ ಹಂಚುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಾನಿಗಳೊಂದಿಗೆ ಫೋಟೋ ತೆಗೆಯುವ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಭಯವನ್ನು ಕಳೆಯಲು ಹೊರಟ ದಾನವು ಮಗುವಿಗೆ ನಾಚಿಕೆಯನ್ನು ಕೊಟ್ಟು ಬಂದರೆ ಅದು ಅಭಯವಾಗಲಿಲ್ಲ. ಗುಪ್ತದಾನವನ್ನು ಹಿರಿಯರು ಹೊಗಳಿದ್ದು ದಾನಿಯ ಅಹಂಕಾರವನ್ನು ಕಾಯಲು. ಮಕ್ಕಳ ವಿಷಯದಲ್ಲಿ ಅದು ಪಡೆಯುವವರ ಮಾನವನ್ನೂ ಕಾಯುತ್ತದೆ.

ಇನ್ನೊಂದು ಎಚ್ಚರಿಕೆ ಸಂಸ್ಥೆಗಳ ಆಯ್ಕೆಯದು. ಮಕ್ಕಳನ್ನು ಇರಿಸಿಕೊಳ್ಳುವ ಯಾವ ನಿಲಯವೂ ಬಾಲನ್ಯಾಯ ಕಾಯಿದೆಯಡಿ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದ ನಿಲಯಕ್ಕೆ ಕೊಟ್ಟ ಹಣ ಎಷ್ಟೇ ಸದುದ್ದೇಶದ್ದಾದರೂ ಮಗುವನ್ನು ಯಾರ ಕಣ್ಣಿಗೂ ಬೀಳದ ಗೋಡೆಗಳ ಹಿಂದೆ ಬಿಟ್ಟಂತಾಗುತ್ತದೆ. ಮೇಲಾಗಿ, ಮಗುವನ್ನು ನಿಲಯದಲ್ಲಿಡುವುದು ಕೊನೆಯ ಉಪಾಯ ಮಾತ್ರವೆಂಬುದು ಕಾಯಿದೆಯ ಮೂಲತತ್ತ್ವ. ಕಟ್ಟಡಕ್ಕೆ ಅಮೃತಶಿಲೆಯ ಫಲಕ ಹಾಕಬಹುದು. ವಿಧವೆ ತಾಯಿಯೊಬ್ಬಳು ಮಗುವನ್ನು ಮನೆಯಲ್ಲಿಯೇ ಸಾಕುವಂತೆ ಕೊಟ್ಟ ತಿಂಗಳ ನೆರವಿಗೆ ಫಲಕವಿಲ್ಲ. ಆದರೆ ಪುಣ್ಯದ ತೂಕದಲ್ಲಿ ಎರಡನೆಯದು ಕಡಿಮೆಯೆಂದು ಹೇಳಲು ಯಾವ ಶಾಸ್ತ್ರಾಧಾರವೂ ಇಲ್ಲ. ಸಂಸ್ಥೆಗಳ ಮೇಲೆ ಭರವಸೆ ಸಾಲದವರಿಗೆ ಮತ್ತೊಂದು ದಾರಿಯಿದೆ. ಅದೇ ಕಾಯಿದೆಯ 105ನೆಯ ಕಲಮಿನಂತೆ ರಾಜ್ಯ ಸರ್ಕಾರ ಮಕ್ಕಳಿಗಾಗಿ ನಿಧಿಯೊಂದನ್ನು ಸ್ಥಾಪಿಸಬಹುದು. ವ್ಯಕ್ತಿಗಳೂ ಸಂಸ್ಥೆಗಳೂ ಸ್ವಇಚ್ಛೆಯಿಂದ ಕೊಡುವ ದಾನ, ವಂತಿಗೆಗಳು ಆ ನಿಧಿಗೆ ಸಲ್ಲುತ್ತವೆ. ವಂತಿಗೆಯ ಕಲ್ಪನೆಯನ್ನು ಕಾಯಿದೆಯೇ ಒಪ್ಪಿಕೊಂಡಿದೆಯೆಂಬುದು ಸಮಾಧಾನದ ಸಂಗತಿ.

ಲೆಕ್ಕದ ಮಾತನ್ನು ಬಿಡುವಂತಿಲ್ಲ. ಮೊಸಳೆಯ ವರ್ತಕರು ತಮ್ಮ ಕಟ್ಟುಪಾಡನ್ನು ಕಲ್ಲಿನ ಮೇಲೆ ಬರೆಯಿಸಿದ್ದು ಕೀರ್ತಿಗಾಗಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಯಾರು ಎಷ್ಟು ಕೊಡಬೇಕು, ಯಾವ ಕಾರ್ಯಕ್ಕೆ ಸಲ್ಲಬೇಕು ಎಂಬುದನ್ನು ದಾರಿಹೋಕನೂ ಓದಿ ಕೇಳಬಹುದಾಗಿತ್ತು. ಮಕ್ಕಳಿಗೆಂದು ಕೂಡಿದ ಹಣದ ಜಮಾಖರ್ಚನ್ನು ವರ್ಷಕ್ಕೊಮ್ಮೆ ಬಸದಿಯ ಅಥವಾ ಮಂದಿರದ ಸೂಚನಾಫಲಕದ ಮೇಲೆ ಹಾಕುವುದು ಆ ಶಿಲಾಶಾಸನದ ಇಂದಿನ ರೂಪ. ಅಲ್ಲಿ ಮೊತ್ತಗಳಿರಲಿ, ಉದ್ದೇಶಗಳಿರಲಿ. ಮಕ್ಕಳ ಹೆಸರುಗಳು ಮಾತ್ರ ಬೇಡ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಪ್ರತಿವರ್ಷವೂ ಬರುತ್ತದೆ. ಪರ್ಯುಷಣದಲ್ಲಿ ಜೀವದಯೆಯ ಟಿಪ್ಪು ಬರೆಯಿಸುವ ಪದ್ಧತಿಯೂ ಉಂಟು. ಕಲಶದ ಸವಾಲಿನಲ್ಲಿ ಒಂದು ಗಳಿಗೆಯಲ್ಲಿ ಕೂಡುವ ಹಣವನ್ನು ಕಂಡವರಿಗೆ ಸಮಾಜದಲ್ಲಿ ಔದಾರ್ಯಕ್ಕೆ ಕೊರತೆಯಿದೆಯೆಂದು ಅನಿಸದು. ಕೊರತೆ ಇರುವುದು ಆ ಔದಾರ್ಯವನ್ನು ವರ್ಷದ ಹನ್ನೆರಡು ತಿಂಗಳಿಗೂ ಹಂಚುವ ಏರ್ಪಾಡಿನಲ್ಲಿ. ಆ ದಿನದ ಟಿಪ್ಪಿನಲ್ಲಿ ದೇವಪೂಜೆ, ಶಾಸ್ತ್ರ, ಗೋಶಾಲೆಗಳ ಸಾಲಿನ ಕೆಳಗೆ ‘ಮಕ್ಕಳ ಅಭಯ’ ಎಂಬ ಇನ್ನೊಂದು ಸಾಲನ್ನು ಬರೆಯಲು ಪುಸ್ತಕದಲ್ಲಿ ಬೇಕಾದಷ್ಟು ಸ್ಥಳವಿದೆ. ಕಾಫಿಯ ಕೊಯ್ಲು ನವೆಂಬರಿನಲ್ಲಿ ಆರಂಭವಾಗುತ್ತದೆ. ಪರ್ವ ಅದಕ್ಕೆ ಮುಂಚೆಯೇ, ಭಾದ್ರಪದದಲ್ಲಿ ಬರುತ್ತದೆ. ಮಲೆಯ ಮಕ್ಕಳು ಚೀಲ ಹಿಡಿಯುವ ಮೊದಲೇ ಆ ಸಾಲಿನಲ್ಲಿ ಹಣ ಜಮೆಯಾಗಿರುವುದು ಸಾಧ್ಯ. ಅದು ಆಗಬೇಕಾದರೆ ಸಿರಿವಂತನೊಬ್ಬನ ಕೃಪೆಗಾಗಿ ಕಾಯಬೇಕಾಗಿಲ್ಲ. ಪೇಟೆಯ ನಲವತ್ತು ಅಂಗಡಿಗಳು ಒಂದು ಸಂಜೆ ಕೂಡಿ ಒಪ್ಪಿಕೊಂಡರೆ ಸಾಕು.